ನಮ್ಮವರ ತಪ್ಪು, ಅವರ ಪಾಪ

2025ರ ಆಗಸ್ಟ್ ತಿಂಗಳು. ಶಿರ್ತಾಡಿ ಪೇಟೆಯ ಒಂದು ಚಿಕ್ಕ ಹೊಟೇಲಿನ ಬೆಂಚಿನ ಮೇಲೆ, ಮಳೆ ಬಿಡುವುದನ್ನು ಕಾಯುತ್ತ, ಇಬ್ಬರು ಹಿರಿಯರು ವಾದಕ್ಕೆ ಕುಳಿತಿದ್ದರು. ಒಬ್ಬರು ನಿವೃತ್ತ ಮಾಷ್ಟ್ರು, ಮತ್ತೊಬ್ಬರು ಅಡಿಕೆ ತೋಟದ ಧಣಿ. ಬಾಲ್ಯದಿಂದ ಜೊತೆಯಾಗಿ ಬೆಳೆದವರು. ಒಬ್ಬರ ಮನೆಯ ಶುಭಾಶುಭಗಳಿಗೆ ಇನ್ನೊಬ್ಬರು ಬಂದು ನಿಲ್ಲದೆ ಕೆಲಸ ಮುಂದುವರಿಯುವುದಿಲ್ಲ. ಆ ದಿನದ ವಿಷಯ ಬೆಂಗಳೂರಿನ ಮಹದೇವಪುರದ ಮತದಾರರ ಪಟ್ಟಿ.

"ಪಟ್ಟಿ ಮಾಡಿದ್ದು ಯಾರ ಸರ್ಕಾರ ಇರುವಾಗ ಮಾಷ್ಟ್ರೇ? ಮೊದಲು ಅದನ್ನು ಹೇಳಿ," ಎಂದರು ಧಣಿಗಳು.

"ಪಟ್ಟಿ ಮಾಡುವುದು ಆಯೋಗ ಮಾರಾಯ್ರೆ, ಸರ್ಕಾರ ಅಲ್ಲ. ಅಷ್ಟೂ ಗೊತ್ತಿಲ್ಲವಾ ನಿಮಗೆ?" ಎಂದರು ಮಾಷ್ಟ್ರು.

ಈ ಎರಡು ವಾಕ್ಯಗಳನ್ನು ನಾನು ಹಿಂದೊಮ್ಮೆ ಅದೇ ಬೆಂಚಿನಲ್ಲಿ ಕೇಳಿದ್ದೆ. 2022ರ ನವೆಂಬರಿನಲ್ಲಿ 'ಚಿಲುಮೆ' ಎಂಬ ಸಂಸ್ಥೆಯವರು ಬೆಂಗಳೂರಿನಲ್ಲಿ ಮತಗಟ್ಟೆ ಅಧಿಕಾರಿಗಳ ಸೋಗಿನಲ್ಲಿ ಮನೆಮನೆಗೆ ಹೋಗಿ ಮತದಾರರ ವಿವರಗಳನ್ನು ಕಲೆಹಾಕಿದರೆಂಬ ಸುದ್ದಿ ಹೊರಬಿದ್ದ ವಾರ ಅದು. ಅಂದೂ ಇವೇ ಮಾತುಗಳು. ಆಡಿದ ಬಾಯಿಗಳು ಮಾತ್ರ ಅದಲು ಬದಲು. 'ಯಾರ ಸರ್ಕಾರ ಇರುವಾಗ?' ಎಂದು ಕೇಳಿದವರು ಮಾಷ್ಟ್ರು. 'ಪಟ್ಟಿ ಮಾಡುವುದು ಆಯೋಗ' ಎಂದು ತಿಳಿವಳಿಕೆ ಹೇಳಿದವರು ಧಣಿಗಳು. ಮೂರು ವರ್ಷಗಳಲ್ಲಿ ಇಬ್ಬರೂ ತಮ್ಮ ಪಕ್ಷವನ್ನು ಬದಲಿಸಿರಲಿಲ್ಲ. ಸರ್ಕಾರ ಬದಲಾಗಿತ್ತು, ವಾದ ಅದನ್ನು ಹಿಂಬಾಲಿಸಿತ್ತು. ಇಬ್ಬರೂ ಸುಳ್ಳು ಹೇಳುವ ಜನರಲ್ಲ. ಹಿಂದಿನ ಮಾತನ್ನು ನಾನು ನೆನಪಿಸಿದಾಗ ಇಬ್ಬರೂ ಪ್ರಾಮಾಣಿಕವಾಗಿಯೇ ಅದನ್ನು ಮರೆತಿದ್ದರು. ಈ ಮರೆವೇ ನಾನು ಇಲ್ಲಿ ವಿಚಾರಿಸಬೇಕೆಂದಿರುವ ಸಂಗತಿ.

ಪ್ರಕರಣದ ಸ್ವರೂಪವನ್ನು ವಾಚಕರ ನೆನಪಿಗೆ ತರುವುದು ಅವಶ್ಯ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದ ಪಿ. ಸಿ. ಮೋಹನ್ ಅವರು ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಅವರನ್ನು 32,707 ಮತಗಳಿಂದ ಸೋಲಿಸಿದರು. ಮಹದೇವಪುರ ವಿಧಾನಸಭಾ ಕ್ಷೇತ್ರವೊಂದರಲ್ಲೇ ಭಾಜಪಕ್ಕೆ ದೊರೆತ ಮುನ್ನಡೆ ಒಂದು ಲಕ್ಷ ಹದಿನಾಲ್ಕು ಸಾವಿರಕ್ಕೂ ಹೆಚ್ಚು. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿಯವರು ಆ ಪಟ್ಟಿಯಲ್ಲಿ 1,00,250 ಅಕ್ರಮ ಹೆಸರುಗಳಿವೆ ಎಂದು ಆಪಾದಿಸಿದರು: ಎರಡೆರಡು ಕಡೆ ದಾಖಲಾದವರು, ಇಲ್ಲದ ವಿಳಾಸದವರು, ಒಂದೇ ಕೋಣೆಯ ವಿಳಾಸದಲ್ಲಿ ಹಿಂಡಾಗಿ ಇರುವವರು, ಮುಖ ಕಾಣದ ಭಾವಚಿತ್ರದವರು. ಆಯೋಗವು, ಹೇಳಿದ್ದನ್ನು ಪ್ರಮಾಣಪೂರ್ವಕವಾಗಿ ಬರೆದು ಸಹಿ ಮಾಡಿಕೊಡಿ, ಇಲ್ಲವಾದರೆ ದೇಶದ ಕ್ಷಮೆ ಕೇಳಿ ಎಂದಿತು. ಅವರು ಸಹಿ ಮಾಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅಂದಿನಿಂದ ಒಂದು ಪಾಳಯಕ್ಕೆ ಸಹಿ ಮಾಡದಿರುವುದೇ ಆಪಾದನೆ ಸುಳ್ಳೆಂಬುದಕ್ಕೆ ಸಾಕ್ಷಿ. ಇನ್ನೊಂದಕ್ಕೆ ಸಹಿ ಕೇಳಿದ್ದೇ ಆಪಾದನೆ ನಿಜವೆಂಬುದಕ್ಕೆ ಸಾಕ್ಷಿ. ಪಟ್ಟಿಯ ಹಾಳೆಗಳನ್ನು ತೆರೆದು ಮನೆಮನೆಗೆ ಹೋಗಿ ನೋಡುವ ಕೆಲಸ ಎರಡೂ ಪಾಳಯಗಳಿಗೆ ಬೇಸರದ್ದಾಗಿ ಕಂಡಿತು.

ಇದರ ನಡುವೆ ಒಬ್ಬರು ಪಾಳಯದ ಗೆರೆ ದಾಟಿದರು. ರಾಜ್ಯದ ಸಹಕಾರ ಸಚಿವರಾಗಿದ್ದ ಕೆ. ಎನ್. ರಾಜಣ್ಣನವರು, ಪಟ್ಟಿ ಸಿದ್ಧವಾದಾಗ ರಾಜ್ಯದಲ್ಲಿ ಇದ್ದದ್ದು ನಮ್ಮದೇ ಸರ್ಕಾರ, ಆಗ ನಾವು ಕಣ್ಣು ಮುಚ್ಚಿ ಕುಳಿತಿದ್ದೆವೇ ಎಂಬ ಅರ್ಥದ ಮಾತನ್ನಾಡಿದರು. ಆಗಸ್ಟ್ 11ರಂದು ಅವರು ಸಂಪುಟದಿಂದ ಹೊರಬಿದ್ದರು. ಆ ಮಾತು ಸರಿಯೋ ತಪ್ಪೋ ಎಂಬ ಚರ್ಚೆ ನಡೆಯಲೇ ಇಲ್ಲ. ಅದನ್ನು ಎದುರು ಪಕ್ಷದವರು ಆಡಿದ್ದರೆ ಒಂದು ಸಾಮಾನ್ಯ ಟೀಕೆಯಾಗುತ್ತಿತ್ತು. ನಮ್ಮವನ ಬಾಯಿಂದ ಬಂದದ್ದರಿಂದ ಅದು ದ್ರೋಹವಾಯಿತು. ಮಾತಿನ ಬೆಲೆಯನ್ನು ಬಾಯಿ ನೋಡಿ ಕಟ್ಟುವ ಈ ವ್ಯವಹಾರ ಯಾವ ಒಂದು ಪಕ್ಷದ ಸೊತ್ತೂ ಅಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. 'ಚಿಲುಮೆ' ಪ್ರಕರಣದ ತರುವಾಯ, 2022ರ ನವೆಂಬರ್ ಕೊನೆಯಲ್ಲಿ, ಚುನಾವಣಾ ಆಯೋಗವು ಬೆಂಗಳೂರಿನ ಮೂರು ಕ್ಷೇತ್ರಗಳ ಪಟ್ಟಿಯನ್ನು ಮರುಪರಿಶೀಲಿಸಲು ಆಜ್ಞಾಪಿಸಿ ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತ್ತಿನಲ್ಲಿಡಲು ಹೇಳಿತು. ಆ ಮೂರು ಕ್ಷೇತ್ರಗಳು ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ. ಅಂದು ಕಾಂಗ್ರೆಸ್ಸು ಅಧಿಕಾರದಲ್ಲಿದ್ದ ಭಾಜಪದತ್ತ ಬೆರಳು ತೋರಿಸಿದರೆ, ಭಾಜಪವು ಆ ಸಂಸ್ಥೆಗೆ ಮೊದಲು ಕೆಲಸ ಕೊಟ್ಟದ್ದು 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಎಂದು ತೋರಿಸಿತು. ಹಾಗೆ ಪರಿಶೀಲನೆಗೆ ಒಳಗಾದ ಮಹದೇವಪುರದ ಪಟ್ಟಿಯೇ ಮೂರು ವರ್ಷದ ಮೇಲೆ ದೇಶದ ಪ್ರಶ್ನೆಯಾಯಿತು ಎಂದರೆ, ಬೆರಳು ತೋರಿಸುವ ಕೆಲಸ ನಡೆದಷ್ಟು ಚುರುಕಾಗಿ ಪಟ್ಟಿ ತಿದ್ದುವ ಕೆಲಸ ನಡೆಯುವುದಿಲ್ಲವೆಂದೇ ನಾನು ತಿಳಿಯುತ್ತೇನೆ.

ನಮ್ಮ ತುಳುನಾಡಿನವರಿಗೆ ಈ ದೃಷ್ಟಿಭೇದ ಹೊಸದಲ್ಲ. ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳದ ಕರೆಯ ಬದಿಯಲ್ಲಿ ನಿಂತವರಿಗೆ ಇದು ಗೊತ್ತು. ಎರಡು ಜೋಡಿ ಕೋಣಗಳು ಕೆಸರು ಚಿಮ್ಮಿಸುತ್ತ ಮಂಜೊಟ್ಟಿಯನ್ನು ಮುಟ್ಟುವ ಕ್ಷಣವನ್ನು ಸಾವಿರ ಕಣ್ಣುಗಳು ನೋಡುತ್ತವೆ. ಆದರೆ ಯಾವ ಜೋಡಿ ಮೊದಲು ಮುಟ್ಟಿತೆಂದು ಕೇಳಿದರೆ ಯಜಮಾನನ ಊರಿನ ಮೇಲೆ ಉತ್ತರ ಬದಲಾಗುತ್ತದೆ. ಈ ತಗಾದೆ ತೀರದೆ ಹೋದದ್ದರಿಂದಲೇ ಈಚಿನ ವರ್ಷಗಳಲ್ಲಿ ಲೇಸರ್ ಕಿರಣದ ಯಂತ್ರವನ್ನು ತಂದು ನಿಲ್ಲಿಸಿದರು. ಈಗ ಕೆಲವರು ಯಂತ್ರವನ್ನು ಜೋಡಿಸಿದವನ ಊರು ಯಾವುದೆಂದು ಕೇಳುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞರು ಇದೇ ಸಂಗತಿಯನ್ನು ಕಾಗದದ ಮೇಲೆ ಅಳೆದಿದ್ದಾರೆ. 1951ರಲ್ಲಿ ಡಾರ್ಟ್ಮತ್ ಮತ್ತು ಪ್ರಿನ್ಸ್ಟನ್ ವಿದ್ಯಾಲಯಗಳ ನಡುವೆ ಒಂದು ಒರಟಾದ ಫುಟ್ಬಾಲ್ ಪಂದ್ಯ ನಡೆಯಿತು; ಆಟಗಾರರ ಮೂಳೆಗಳು ಮುರಿದವು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ವಿದ್ವಾಂಸರು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಚಲಚ್ಚಿತ್ರವನ್ನು ತೋರಿಸಿ ನಿಯಮಭಂಗಗಳನ್ನು ಎಣಿಸಲು ಹೇಳಿದರು. ಡಾರ್ಟ್ಮತ್ ತಂಡ ಮಾಡಿದ ತಪ್ಪುಗಳು ಪ್ರಿನ್ಸ್ಟನ್ ವಿದ್ಯಾರ್ಥಿಗಳ ಎಣಿಕೆಯಲ್ಲಿ, ಡಾರ್ಟ್ಮತ್ ವಿದ್ಯಾರ್ಥಿಗಳ ಎಣಿಕೆಗಿಂತ ಎರಡು ಪಟ್ಟು ಮೀರಿದ್ದವು. 1954ರಲ್ಲಿ ಪ್ರಕಟವಾದ ಆ ಲೇಖನ ಹೇಳುವುದಿಷ್ಟು: ಅವರು ಒಂದೇ ಪಂದ್ಯವನ್ನು ಬೇರೆ ಬೇರೆ ರೀತಿ ವರ್ಣಿಸಿದರೆಂಬುದಕ್ಕಿಂತ, ಅವರು ನೋಡಿದ್ದೇ ಬೇರೆ ಬೇರೆ ಪಂದ್ಯಗಳನ್ನು. ಲಂಚ ಕಂಡೂ ಕಾಣದಂತೆ ನಟಿಸುವವನನ್ನು ನಾಚಿಸಬಹುದು. ನಿಜವಾಗಿಯೂ ಕಾಣದವನನ್ನು ಏನು ಮಾಡುವುದು?

ಅಮೆರಿಕದ ಚುನಾವಣೆಗಳಲ್ಲಿ ಈ ರೋಗ ಎಷ್ಟು ಬೆಳೆದಿದೆಯೆಂಬುದಕ್ಕೆ ಅಂಕಿಗಳಿವೆ. ಚುನಾವಣೆ ದೇಶದಲ್ಲಿ ಚೆನ್ನಾಗಿ ನಡೆಯಿತೇ ಎಂದು ಪ್ಯೂ ಸಂಶೋಧನಾ ಕೇಂದ್ರ ಪ್ರತಿ ಸಲ ಕೇಳುತ್ತದೆ. 2020ರಲ್ಲಿ ಟ್ರಂಪ್ ಸೋತಾಗ ಅವರ ಮತದಾರರಲ್ಲಿ ಹೌದೆಂದವರು ನೂರಕ್ಕೆ 21. 2024ರಲ್ಲಿ ಅವರೇ ಗೆದ್ದಾಗ 93. ನಾಲ್ಕು ವರ್ಷಗಳಲ್ಲಿ ಆ ದೇಶದ ಮತಪೆಟ್ಟಿಗೆ ಇಷ್ಟು ಶುದ್ಧವಾಗಿರಲು ಸಾಧ್ಯವಿಲ್ಲ. ಎದುರು ಪಕ್ಷದಲ್ಲಿ ಬೈಡನ್ ಮತದಾರರಲ್ಲಿ 94 ಇದ್ದದ್ದು, ಹ್ಯಾರಿಸ್ ಸೋತಾಗ 84ಕ್ಕೆ ಇಳಿಯಿತು. ಇಳಿತ ಎರಡೂ ಕಡೆ ಇದೆ, ಆದರೆ ಸಮನಾಗಿಲ್ಲ. ಪಕ್ಷಪಾತ ಎಲ್ಲರಲ್ಲೂ ಇರುವುದೆಂದು ಹೇಳಿ ಕೈತೊಳೆದುಕೊಳ್ಳುವವರು ಈ ವ್ಯತ್ಯಾಸವನ್ನು ನೋಡಬೇಕು. ಹ್ಯಾರಿಸ್ ಅವರು ಮರುದಿನವೇ ಸೋಲನ್ನು ಒಪ್ಪಿದರು; 2020ರಲ್ಲಿ ಸೋತವರು ಒಪ್ಪಲಿಲ್ಲ, ಅರವತ್ತಕ್ಕೂ ಹೆಚ್ಚು ದಾವೆಗಳು ನ್ಯಾಯಾಲಯಗಳಲ್ಲಿ ವಿಫಲವಾದ ಮೇಲೂ ಒಪ್ಪಲಿಲ್ಲ; 2021ರ ಜನವರಿ 6ರಂದು ಅವರ ಅನುಯಾಯಿಗಳು ಸಂಸತ್ ಭವನಕ್ಕೆ ನುಗ್ಗಿದರು. ಬೆಂಚಿನ ಮೇಲಿನ ಪಕ್ಷಪಾತವೂ ವೇದಿಕೆಯ ಮೇಲಿನ ಪಕ್ಷಪಾತವೂ ಒಂದೇ ತೂಕದವಲ್ಲ. 1960ರಲ್ಲಿ ಇಲಿನಾಯ್ ಸಂಸ್ಥಾನ ಕೆನೆಡಿಯವರ ಪಾಲಾದದ್ದು ಒಂಬತ್ತು ಸಾವಿರಕ್ಕಿಂತ ಕಡಿಮೆ ಅಂತರದಿಂದ. ಷಿಕಾಗೋದಲ್ಲಿ ಮೋಸವಾಯಿತೆಂದು ನಿಕ್ಸನ್ನರ ಪಕ್ಷದವರು ಬಹುಕಾಲ ನಂಬಿದರು. ಆದರೂ ನಿಕ್ಸನ್ ಅಂದು ಸೋಲನ್ನು ಬಹಿರಂಗವಾಗಿ ಪ್ರತಿಭಟಿಸಲಿಲ್ಲ. ಅದೇ ಮನುಷ್ಯ ಹದಿನಾಲ್ಕು ವರ್ಷದ ಮೇಲೆ ವಾಟರ್‌ಗೇಟಿನ ಅಪರಾಧಗಳಿಂದ ಪದವಿ ಬಿಡಬೇಕಾಯಿತೆಂಬುದು ಮನುಷ್ಯಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳುವವರಿಗೆ ತೊಡಕಿನ ಸಂಗತಿ.

ದೂರದ ಮಾತು ಬಿಡೋಣ. ಘಟ್ಟ ಹತ್ತಿದರೆ ಚಿಕ್ಕಮಗಳೂರು. 1975ರ ಜೂನ್ 12ರಂದು ಅಲಹಾಬಾದಿನ ಹೈಕೋರ್ಟು ಇಂದಿರಾ ಗಾಂಧಿಯವರ ಆಯ್ಕೆಯನ್ನು ಅನೂರ್ಜಿತಗೊಳಿಸಿತು. ಸಾಬೀತಾದ ಭ್ರಷ್ಟಾಚರಣೆ ಎರಡು: ಸರ್ಕಾರಿ ನೌಕರಿಯಲ್ಲಿ ಇನ್ನೂ ಇದ್ದ ಯಶಪಾಲ್ ಕಪೂರರ ನೆರವು ಪಡೆದದ್ದು, ಭಾಷಣದ ವೇದಿಕೆಗಳನ್ನು ಉತ್ತರ ಪ್ರದೇಶದ ಅಧಿಕಾರಿಗಳಿಂದ ಕಟ್ಟಿಸಿದ್ದು. ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದವರನ್ನು ಇಷ್ಟಕ್ಕೇ ಇಳಿಸಬೇಕೇ ಎಂದು ಅಭಿಮಾನಿಗಳು ಕೇಳಿದರು. ಕಾನೂನೆಂದರೆ ಕಾನೂನು ಎಂದು ವಿರೋಧಿಗಳು ಹೇಳಿದರು. ಬಳಿಕ ತುರ್ತುಪರಿಸ್ಥಿತಿ ಬಂದಿತು. ಕಾನೂನನ್ನೇ ಹಿಂದಿನಿಂದ ಜಾರಿಗೆ ಬರುವಂತೆ ತಿದ್ದಲಾಯಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆಯ್ಕೆಯನ್ನು ಎತ್ತಿಹಿಡಿಯಿತು. ಚಿಕ್ಕ ತಪ್ಪನ್ನು ಚಿಕ್ಕದೆನ್ನುತ್ತ ಹೋದವರು ಎಷ್ಟು ದೊಡ್ಡದನ್ನು ನುಂಗಬೇಕಾಯಿತೆಂಬುದಕ್ಕೆ ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇರೆ ಇಲ್ಲ.

1978ರ ನವೆಂಬರಿನಲ್ಲಿ ಅದೇ ಇಂದಿರಾ ಗಾಂಧಿಯವರು, ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಿಂದ ಸ್ಪರ್ಧಿಸಿ, ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ಎದುರು ಪಾಳಯದ ಪ್ರಚಾರದ ಮುಂಚೂಣಿಯಲ್ಲಿದ್ದರು. ಒಬ್ಬರಿಗೆ ಅದು ಅನ್ಯಾಯಕ್ಕೆ ಜನ ಕೊಟ್ಟ ಉತ್ತರ; ಇನ್ನೊಬ್ಬರಿಗೆ ಜನರ ಮರೆವಿನ ಪರಮಾವಧಿ. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ, 1989ರಲ್ಲಿ, ವೀರೇಂದ್ರ ಪಾಟೀಲರು ಇಂದಿರಾ ಅವರ ಕಾಂಗ್ರೆಸ್ಸಿನಿಂದಲೇ ಕರ್ನಾಟಕದ ಮುಖ್ಯಮಂತ್ರಿಯಾದರು. ಅಂದು ಕಾಫಿ ತೋಟಗಳಲ್ಲಿ ಇವರಿಗಾಗಿ ಅವರನ್ನು, ಅವರಿಗಾಗಿ ಇವರನ್ನು ಬಯ್ದು ಸ್ನೇಹ ಕಡಿದುಕೊಂಡವರು ಮತ್ತೆ ಮಾತು ಬೆಳೆಸಿಕೊಂಡರೋ ಇಲ್ಲವೋ.

ಈಚಿನ ನಿದರ್ಶನಗಳು ಇನ್ನೂ ತೀಕ್ಷ್ಣವಾಗಿವೆ. 2018ರ ಮೇ ತಿಂಗಳಲ್ಲಿ, ಮತದಾನಕ್ಕೆ ನಾಲ್ಕು ದಿನವಿರುವಾಗ, ಬೆಂಗಳೂರಿನ ಜಾಲಹಳ್ಳಿಯ ಒಂದು ಮನೆಯಲ್ಲಿ ಸುಮಾರು ಹತ್ತು ಸಾವಿರ ಮತದಾರರ ಗುರುತಿನ ಚೀಟಿಗಳು ಸಿಕ್ಕಿದವು. ಭಾಜಪವು ಕಾಂಗ್ರೆಸ್ಸಿನ ಉಮೇದುವಾರ ಮುನಿರತ್ನ ಅವರ ಮೇಲೆ ದೂರಿತು. ಕಾಂಗ್ರೆಸ್ಸು ಆ ಮನೆಗೂ ಭಾಜಪಕ್ಕೂ ಇರುವ ನಂಟನ್ನು ಬಿಚ್ಚಿ ತೋರಿಸಿತು. ರಾಜರಾಜೇಶ್ವರಿ ನಗರದ ಮತದಾನವನ್ನು ಮೇ 28ಕ್ಕೆ ಮುಂದೂಡಲಾಯಿತು. ಮುನಿರತ್ನ ಗೆದ್ದರು. ಸೋತ ಭಾಜಪ ಉಮೇದುವಾರರು ಸುಪ್ರೀಂ ಕೋರ್ಟಿನವರೆಗೆ ಹೋದರು. ಅಷ್ಟರಲ್ಲಿ, 2019ರಲ್ಲಿ, ಮುನಿರತ್ನ ಕಾಂಗ್ರೆಸ್ಸು ಬಿಟ್ಟರು. 2020ರ ಅಕ್ಟೋಬರಿನಲ್ಲಿ ಆ ಅರ್ಜಿ ವಜಾ ಆದೊಡನೆ ಭಾಜಪದ ಟಿಕೆಟು ಅವರಿಗೇ ದೊರೆಯಿತು. ಉಪಚುನಾವಣೆಯಲ್ಲಿ ಗೆದ್ದರು, ಮುಂದೆ ಮಂತ್ರಿಯಾದರು. ಗುರುತಿನ ಚೀಟಿಗಳ ಪ್ರಶ್ನೆಯನ್ನು ಮೊದಲು ಎತ್ತಿದವರಿಗೆ ಅದರ ಅಗತ್ಯ ಉಳಿಯಲಿಲ್ಲ; ಮೊದಲು ಅಲ್ಲಗಳೆದವರಿಗೆ ಅದನ್ನು ಎತ್ತುವ ಮುಖ ಉಳಿಯಲಿಲ್ಲ. ಯಾರದೋ ಹತ್ತು ಸಾವಿರ ಚೀಟಿಗಳು ಹಾಗೆ ಒಂದು ಮನೆಗೆ ಬಂದು ಸೇರಿದ್ದಾದರೂ ಹೇಗೆ ಎಂಬ ಮೂಲ ಪ್ರಶ್ನೆ ಅನಾಥವಾಯಿತು.

ಹಾಸನದ್ದು ಇದಕ್ಕೂ ಮಿಗಿಲು. 2019ರ ಲೋಕಸಭಾ ಚುನಾವಣೆಯಲ್ಲಿ ಜಾತ್ಯತೀತ ಜನತಾ ದಳದ ಪ್ರಜ್ವಲ್ ರೇವಣ್ಣ ಗೆದ್ದರು. ಸೋತ ಭಾಜಪ ಉಮೇದುವಾರ ಎ. ಮಂಜು, ಆಸ್ತಿ ಮುಚ್ಚಿಟ್ಟ ಆಪಾದನೆಯ ಮೇಲೆ ದಾವೆ ಹೂಡಿದರು. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟು ಆಯ್ಕೆಯನ್ನು ರದ್ದುಗೊಳಿಸಿತು. ಆದರೆ ಆ ವೇಳೆಗೆ ದಾವೆ ಹೂಡಿದ ಮಂಜು ಅವರೇ ಜಾತ್ಯತೀತ ಜನತಾ ದಳ ಸೇರಿ ಅರಕಲಗೂಡಿನ ಶಾಸಕರಾಗಿದ್ದರು! ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪಿಗೆ ತಡೆ ನೀಡಿತು. ಅದೇ ತಿಂಗಳಲ್ಲಿ ಎರಡೂ ಪಕ್ಷಗಳು ಮೈತ್ರಿ ಮಾಡಿಕೊಂಡವು. ವಾದಿ ತನ್ನ ಗೆಲುವನ್ನು ಯಾರೊಡನೆ ಆಚರಿಸಬೇಕು?

ಭಾಷೆಯನ್ನು ಪ್ರೀತಿಸುವ ಓದುಗರು ಈ ವಿಷಯದಲ್ಲಿ ನಮ್ಮ ಶಬ್ದಗಳನ್ನು ಸ್ವಲ್ಪ ನೋಡಬೇಕು. ನಮ್ಮವರು ಹಂಚಿದರೆ 'ಕಾರ್ಯಕರ್ತರ ಖರ್ಚು'. ಅವರು ಹಂಚಿದರೆ 'ಲಂಚ'. ನಮ್ಮಲ್ಲಿಗೆ ಬಂದವನು 'ಮನೆಗೆ ಮರಳಿದವನು'. ನಮ್ಮನ್ನು ಬಿಟ್ಟವನು 'ಮಾರಿಕೊಂಡವನು'. ನಮ್ಮ ಭರವಸೆ 'ಗ್ಯಾರಂಟಿ', ಅವರದ್ದು 'ಬಿಟ್ಟಿ ಭಾಗ್ಯ'. 2023ರಲ್ಲಿ ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳನ್ನು ಮತದಾರರಿಗೆ ಒಡ್ಡಿದ ಆಮಿಷವೆಂದ ಭಾಜಪದ ಪ್ರಣಾಳಿಕೆಯಲ್ಲೇ ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಅನಿಲ ಜಾಡಿಗಳ ವಾಗ್ದಾನವಿತ್ತು. ಪ್ರಣಾಳಿಕೆಯ ವಾಗ್ದಾನ ಭ್ರಷ್ಟಾಚರಣೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಆದರೂ ವಾದ ನಿಂತಿಲ್ಲ. ಅದೇ ಚುನಾವಣೆಯಲ್ಲಿ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ವಸ್ತುಗಳ ಮೌಲ್ಯ 375 ಕೋಟಿ ರೂಪಾಯಿಗಳನ್ನು ಮೀರಿತು. ಅಷ್ಟೂ ಒಂದೇ ಪಕ್ಷದ್ದೆಂದು ನಂಬುವವರನ್ನು ನಾನು ಎರಡೂ ಪಕ್ಷಗಳಲ್ಲಿ ಕಂಡಿದ್ದೇನೆ.

ನಮ್ಮ ಕ್ಷೇತ್ರವೂ ಹೊರತಾಗಿರಲಿಲ್ಲ. 2023ರ ಮೇ 3ರಂದು ಪ್ರಧಾನಿಯವರು ಮೂಲ್ಕಿಯ ಕೊಲ್ನಾಡಿನಲ್ಲಿ ಭಾಷಣ ಮಾಡಿ ಬಜರಂಗಬಲಿಗೆ ಜಯಕಾರ ಹಾಕಿಸಿದರು. ಅದರ ಹಿಂದಿನ ದಿನವಷ್ಟೇ ಕಾಂಗ್ರೆಸ್ಸಿನ ಪ್ರಣಾಳಿಕೆಯಲ್ಲಿ ಬಜರಂಗದಳದ ಹೆಸರು ಬಂದಿತ್ತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮು ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟಾಚರಣೆಯೆನ್ನುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕಕ್ಕೆ ಮೂರರ ಬಹುಮತದಿಂದ ಅದರ ವ್ಯಾಪ್ತಿಯನ್ನು ಹಿಗ್ಗಿಸಿತ್ತು. ಕಾಂಗ್ರೆಸ್ಸಿನವರು ಆಯೋಗಕ್ಕೆ ದೂರು ಕೊಟ್ಟರು. ಅದೇ ವಾರ ಕಾಂಗ್ರೆಸ್ಸು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದ 'ಭ್ರಷ್ಟಾಚಾರದ ದರಪಟ್ಟಿ'ಗೆ ಆಧಾರವೇನೆಂದು ಆಯೋಗ ನೋಟೀಸು ಕಳಿಸಿತು. ಈ ಸಲ ದೂರು ಕೊಟ್ಟವರು ಭಾಜಪದವರು. ಫಲಿತಾಂಶ ಬಂದಾಗ ಮೂಡುಬಿದಿರೆಯಲ್ಲಿ ಭಾಜಪದ ಉಮಾನಾಥ ಕೋಟ್ಯಾನರು ಗೆದ್ದರು, ರಾಜ್ಯದಲ್ಲಿ ಕಾಂಗ್ರೆಸ್ಸು 135 ಸ್ಥಾನ ಪಡೆಯಿತು. ಊರಿನಲ್ಲಿ ಎಲ್ಲರೂ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತವರೇ. ಆ ಮೇ ತಿಂಗಳಲ್ಲಿ ನಮ್ಮ ಬೆಂಚಿನ ಮೇಲೆ ಮತಯಂತ್ರವನ್ನು ಸಂಶಯಿಸಿದವರು ಯಾರೂ ಇರಲಿಲ್ಲವೆಂಬುದು ನನಗೆ ಚೆನ್ನಾಗಿ ನೆನಪಿದೆ.

ಮತಯಂತ್ರದ ಸಂಶಯಕ್ಕೂ ಒಂದು ವಂಶಾವಳಿ ಇದೆ. 2009ರಲ್ಲಿ ಸೋತಾಗ ಅದನ್ನು ಬಲವಾಗಿ ಸಂಶಯಿಸಿದವರಲ್ಲಿ ಆಡ್ವಾಣಿಯವರಿದ್ದರು. ಯಂತ್ರದ ವಿರುದ್ಧ ಅವರ ಪಾಳಯದಿಂದ ಒಂದು ಪುಸ್ತಕವೂ ಬಂದಿತು. 2014ರ ತರುವಾಯ ಸಂಶಯ ಮನೆ ಬದಲಿಸಿತು. 2024ರ ಏಪ್ರಿಲ್ 26ರಂದು ನಾವು ದಕ್ಷಿಣ ಕನ್ನಡದವರು ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದ ದಿನವೇ, ಕಾಗದದ ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಸ್ಥಳೀಯ ಚುನಾವಣೆಗಳಿಗೆ ಮತಪತ್ರವೇ ಬೇಕೆಂದು ಶಿಫಾರಸು ಮಾಡಿತು. ಹಾಗೆ ನಿರ್ಣಯಿಸಿದವರೆಲ್ಲ ಆ ಯಂತ್ರಗಳಿಂದಲೇ 135 ಸ್ಥಾನ ಪಡೆದವರೆಂದು ಎದುರು ಪಕ್ಷದವರು ನಕ್ಕರು. ಆ ನಗುವಿನಲ್ಲಿ ಸತ್ಯವಿದೆ. 2009ನ್ನು ಮರೆತ ಸತ್ಯ.

ಗಡಿಯಾಚೆಯ ಮಂಜೇಶ್ವರವನ್ನು ಹೇಳದೆ ಈ ಕಥೆ ಪೂರ್ತಿಯಾಗದು. ಕನ್ನಡ, ತುಳು, ಮಲಯಾಳ ಮೂರೂ ಒಂದೇ ಅಂಗಳದಲ್ಲಿ ಕೇಳುವ ಆ ಕ್ಷೇತ್ರದಲ್ಲಿ 2016ರಲ್ಲಿ ಭಾಜಪದ ಕೆ. ಸುರೇಂದ್ರನ್ ಅವರು ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಜಾಕ್ ಅವರೆದುರು ಕೇವಲ 89 ಮತಗಳಿಂದ ಸೋತರು. ಸುರೇಂದ್ರನ್‌ಗೆ ಹೋಲುವ ಹೆಸರಿನ ಒಬ್ಬ ಉಮೇದುವಾರರಿಗೆ 467 ಮತಗಳು ಬಿದ್ದಿದ್ದವು. ಸತ್ತವರ, ಪರದೇಶದಲ್ಲಿರುವವರ ಹೆಸರಿನಲ್ಲಿ ಮತ ಹಾಕಲಾಗಿದೆಯೆಂದು ಸುರೇಂದ್ರನ್ ಕೇರಳದ ಹೈಕೋರ್ಟಿಗೆ ಹೋದರು. ವಿಚಾರಣೆಯ ಕಾಲದಲ್ಲಿ, ಸತ್ತವರೆಂದು ಹೇಳಲಾದ ಕೆಲವರು ಜೀವಂತವಾಗಿ ಸಮನ್ಸು ಪಡೆದ ಸುದ್ದಿ ಬಂದಿತು. ಒಂದು ಕಡೆಯವರು ನಕ್ಕರು, ಇನ್ನೊಂದು ಕಡೆಯವರು ಉಳಿದ ಹೆಸರುಗಳನ್ನು ಎಣಿಸುತ್ತ ಕುಳಿತರು. 2018ರಲ್ಲಿ ಶಾಸಕರು ತೀರಿಕೊಂಡರು. ಮರುವರ್ಷ ಅರ್ಜಿ ಹಿಂದಕ್ಕೆ ಹೋಯಿತು. 89 ಮತಗಳ ನಿಜ ಯಾರಿಗೂ ತಿಳಿಯಲಿಲ್ಲ. 2021ರಲ್ಲಿ ಸುರೇಂದ್ರನ್ ಮತ್ತೆ 745 ಮತಗಳಿಂದ ಸೋತರು. ಈ ಸಲ ಆ ಹೋಲುವ ಹೆಸರಿನ ಉಮೇದುವಾರರು ನಾಮಪತ್ರ ಹಿಂದೆಗೆದುಕೊಂಡಿದ್ದರು. ಅದಕ್ಕೆ ತನಗೆ ಎರಡೂವರೆ ಲಕ್ಷ ರೂಪಾಯಿಯೂ ಒಂದು ಮೊಬೈಲೂ ಸಿಕ್ಕಿತ್ತೆಂದು ಆಮೇಲೆ ಅವರೇ ಹೇಳಿದರು. ಮೊಕದ್ದಮೆಯಾಯಿತು. 2024ರ ಅಕ್ಟೋಬರಿನಲ್ಲಿ ಕಾಸರಗೋಡಿನ ಸೆಷನ್ಸ್ ನ್ಯಾಯಾಲಯ ಸುರೇಂದ್ರನ್ ಮೊದಲಾದವರನ್ನು ಆರೋಪದಿಂದ ಬಿಡುಗಡೆ ಮಾಡಿತು. ನನ್ನ ಪರಿಚಯದ ಮಂಜೇಶ್ವರದವರಲ್ಲಿ 2016ರ ದೂರನ್ನು ನಂಬಿದವರು 2021ರ ದೂರನ್ನು ಕಟ್ಟುಕಥೆಯೆನ್ನುತ್ತಾರೆ. 2021ರದ್ದನ್ನು ನಂಬಿದವರು 2016ರದ್ದನ್ನು ಹಾಗೆನ್ನುತ್ತಾರೆ. ಎರಡನ್ನೂ ಸಮಾನ ಕುತೂಹಲದಿಂದ ಕೇಳಿದ ಒಬ್ಬರನ್ನೂ ನಾನು ಭೇಟಿಯಾಗಿಲ್ಲ.

ಅಂತರ ಕಡಿಮೆಯಾದಷ್ಟೂ ನಂಬಿಕೆ ದುರ್ಬಲವಾಗುವುದು ಸಹಜ. 2023ರಲ್ಲಿ ಜಯನಗರದ ಮರುಎಣಿಕೆಯ ಕೊನೆಗೆ ಭಾಜಪದ ಸಿ. ಕೆ. ರಾಮಮೂರ್ತಿಯವರು 16 ಮತಗಳಿಂದ ಗೆದ್ದರೆಂದು ಘೋಷಿಸಿದಾಗ ಕಾಂಗ್ರೆಸ್ಸಿನವರು ಎಣಿಕೆ ಕೇಂದ್ರದ ಬಾಗಿಲಲ್ಲಿ ಪ್ರತಿಭಟಿಸಿದರು. ಮಾಲೂರಿನಲ್ಲಿ ಕಾಂಗ್ರೆಸ್ಸು 248 ಮತಗಳಿಂದ ಗೆದ್ದದ್ದನ್ನು ಭಾಜಪ ಪ್ರಶ್ನಿಸಿತು. 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಆಯ್ಕೆಯನ್ನು ರದ್ದುಗೊಳಿಸಿ ಮರುಎಣಿಕೆಗೆ ಆದೇಶಿಸಿದರೆ, ಸುಪ್ರೀಂ ಕೋರ್ಟು ಮುಂದಿನ ತಿಂಗಳು ರದ್ದತಿಗೆ ತಡೆ ಕೊಟ್ಟಿತು. ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆದಿರುವುದು ಒಳ್ಳೆಯದೇ. ಫಲಿತಾಂಶದಿಂದ 45 ದಿನಗಳೊಳಗೆ ಯಾವ ಮತದಾರನೂ ದಾವೆ ಹೂಡಬಹುದು. ಆದರೆ ಐದು ವರ್ಷದ ಅವಧಿಯಲ್ಲಿ ನಾಲ್ಕು ವರ್ಷ ಕಳೆದ ಮೇಲೆ ಬರುವ ತೀರ್ಪು, ಹಾಸನದಲ್ಲಾದಂತೆ, ನ್ಯಾಯಕ್ಕಿಂತ ಚರಿತ್ರೆಯ ಟಿಪ್ಪಣಿಗೆ ಹೆಚ್ಚು ಹತ್ತಿರ. ಆ ನಾಲ್ಕು ವರ್ಷಗಳ ಖಾಲಿ ಜಾಗವನ್ನು ತುಂಬುವುದು ಬೆಂಚಿನ ಮೇಲಿನ ತೀರ್ಪುಗಳೇ.

ಪಕ್ಷಾಭಿಮಾನದಿಂದ ಕೆಡುಕೇ ಆಗುವುದೆಂದು ನಾನು ಹೇಳಲಾರೆ. ಕಳಂಕವನ್ನು ಹುಡುಕುವ ಉತ್ಸಾಹ ಎದುರಾಳಿಗೇ ಹೆಚ್ಚು. ಅವನಿಲ್ಲದಿದ್ದರೆ ಎಷ್ಟೋ ಅಕ್ರಮಗಳು ಬೆಳಕಿಗೇ ಬರುತ್ತಿರಲಿಲ್ಲ. ತಾಳಮದ್ದಳೆಯಲ್ಲಿ ವಾಲಿಯ ಅರ್ಥಧಾರಿ ಸುಮ್ಮನೆ ಕುಳಿತರೆ, ಮರದ ಮರೆಯಿಂದ ಬಿಟ್ಟ ಬಾಣದ ಪ್ರಶ್ನೆಯನ್ನು ರಾಮನ ಅರ್ಥಧಾರಿ ತಾನಾಗಿ ಎತ್ತುವನೇ? ಆದರೆ ಅಲ್ಲಿ ಒಂದು ಅನುಕೂಲವಿದೆ. ಇಂದು ವಾಲಿಯಾದವನು ನಾಳೆ ಇನ್ನೊಂದು ಊರಿನಲ್ಲಿ ರಾಮನಾಗುತ್ತಾನೆ, ತನ್ನ ನಿನ್ನೆಯ ಮಾತಿಗೆ ತಾನೇ ಉತ್ತರ ಹುಡುಕಬೇಕಾಗುತ್ತದೆ. ನಿನ್ನೆ ಏನು ಹೇಳಿದ್ದನೆಂಬುದು ಸಭೆಗೂ ನೆನಪಿರುತ್ತದೆ. ನಮ್ಮ ರಾಜಕೀಯದ ಅರ್ಥಧಾರಿಗಳೂ ಪಾತ್ರ ಬದಲಿಸುತ್ತಾರೆ; ನೆನಪಿಟ್ಟುಕೊಳ್ಳುವ ಸಭೆ ಇಲ್ಲ.

ಆಳಂದದ ಪ್ರಕರಣದಲ್ಲಿ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಈ ಕಾರಣಕ್ಕೇ. 2023ರ ಚುನಾವಣೆಗೆ ಮುನ್ನ ಅಲ್ಲಿ 6,018 ಹೆಸರುಗಳನ್ನು ತೆಗೆಯಬೇಕೆಂದು ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ನಿಜವಾದವು 24 ಮಾತ್ರ. ಹೆಸರು ಕಳೆದುಕೊಳ್ಳಬೇಕಾಗಿದ್ದವರಿಗೆ ಗೊತ್ತಿರಲಿಲ್ಲ, ಯಾರ ಹೆಸರಿನಲ್ಲಿ ಅರ್ಜಿ ಬಂದಿತ್ತೋ ಅವರಿಗೂ ಗೊತ್ತಿರಲಿಲ್ಲ. ಒಬ್ಬ ಮತಗಟ್ಟೆ ಅಧಿಕಾರಿ ತನ್ನ ಬಂಧುವಿನ ಹೆಸರೇ ಪಟ್ಟಿಯಿಂದ ಹೊರಡುವುದನ್ನು ಕಂಡು, ಅರ್ಜಿದಾರರೆಂದು ತೋರಿಸಿದ ನೆರೆಯವರನ್ನೇ ಹೋಗಿ ವಿಚಾರಿಸಿದ್ದರಿಂದ ಎಲ್ಲವೂ ಬಯಲಾಯಿತು. ಅಲ್ಲಿ ಗೆದ್ದವರು ಕಾಂಗ್ರೆಸ್ಸಿನ ಬಿ. ಆರ್. ಪಾಟೀಲರು; ಗೆದ್ದ ಮೇಲೆ ದೂರೇನು ಎಂದು ಕೆಲವರು ಕೇಳಿದರು, ಗೆದ್ದವನ ದೂರಿಗೆ ಹೆಚ್ಚು ಬೆಲೆಯಿಲ್ಲವೇ ಎಂದು ನನಗನಿಸಿತು. 2023ರಲ್ಲೇ ಪೊಲೀಸರಲ್ಲಿ ದೂರು ದಾಖಲಾಗಿದ್ದರೂ, ವಿಷಯ ದೇಶದ ಕಿವಿಗೆ ಬಿದ್ದದ್ದು 2025ರ ಸೆಪ್ಟೆಂಬರಿನಲ್ಲಿ, ರಾಹುಲ್ ಗಾಂಧಿಯವರು ಅದನ್ನು ಎತ್ತಿದಾಗ. ರಾಜ್ಯ ಸರ್ಕಾರ ವಿಶೇಷ ತನಿಖಾ ದಳ ನೇಮಿಸಿದ್ದೂ ಆಮೇಲೆಯೇ. ಪಕ್ಷದ ಬಾಯಿಗೆ ಬರುವವರೆಗೆ ಅದು ಒಂದು ತಾಲೂಕಿನ ಕಡತ. ಬಂದೊಡನೆ ಅರ್ಧ ದೇಶ ನಂಬಿತು, ಅರ್ಧ ದೇಶ ಕಿವಿ ಮುಚ್ಚಿತು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಊರಿನ ಪಟ್ಟಿಯನ್ನೂ ನೋಡೋಣವೆನಿಸಿತು. ಸೋದರಳಿಯ ಆಯೋಗದ ಜಾಲತಾಣದಿಂದ ನಮ್ಮ ಭಾಗದ ಹಾಳೆಗಳನ್ನು ಇಳಿಸಿ ಅಚ್ಚು ಹಾಕಿಕೊಟ್ಟ. ನಮ್ಮ ಮನೆಯ ಸಂಖ್ಯೆಯ ಎದುರಿಗೆ ಇರಬೇಕಾದವರಿಗಿಂತ ಇಬ್ಬರು ಹೆಚ್ಚು. ಬೆಳ್ತಂಗಡಿ ಕಡೆಗೆ ಮದುವೆಯಾಗಿ ಹೋದ ತಂಗಿಯ ಹೆಸರು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ತೀರಿಹೋದ ಅಮ್ಮನ ಹೆಸರು ಇನ್ನೂ ಹಾಗೆಯೇ ಇದೆ, ಚಿತ್ರದಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ. ರಾಹುಲ್ ಗಾಂಧಿಯವರ ಲೆಕ್ಕದ ಪ್ರಕಾರ ನಮ್ಮ ಮನೆಯಲ್ಲೂ ಎರಡು ಕಳ್ಳ ಮತಗಳು. ಆಯೋಗದ ಮಾತಿನಂತೆ ಯಾರೂ ದೂರು ಕೊಡದ್ದರಿಂದ ಪಟ್ಟಿ ಸರಿಯಾಗಿದೆ. ತಂಗಿ ಎರಡು ಕಡೆ ಮತ ಹಾಕಿದವಳಲ್ಲ. ಆಕೆಯ ಹೆಸರನ್ನು ತೆಗೆಸಬೇಕೆಂದು ನಾವು ಒಬ್ಬರೂ ನೆನೆಸಿಕೊಂಡಿರಲಿಲ್ಲ, ಅಷ್ಟೆ.

ಹಾಳೆಗಳನ್ನು ಬೆಂಚಿಗೆ ಒಯ್ದು ಇಬ್ಬರಿಗೂ ತೋರಿಸಿದೆ. ಮಾಷ್ಟ್ರು ಕನ್ನಡಕ ಏರಿಸಿ ತಮ್ಮ ಮನೆಯ ಸಾಲನ್ನು ಹುಡುಕಿದರು, ಧಣಿಗಳೂ ಹುಡುಕಿದರು. ಮಾಷ್ಟ್ರ ಮನೆಯಲ್ಲಿ ಮುಂಬಯಿಯಲ್ಲಿರುವ ಮಗ, ಧಣಿಗಳ ಮನೆಯಲ್ಲಿ ಐದು ವರ್ಷದ ಹಿಂದೆ ಹೋದ ಅಣ್ಣ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಧಣಿಗಳು, "ನನ್ನ ಅಣ್ಣನ ಓಟು ಹೇಗೂ ನಿಮ್ಮ ಪಕ್ಷಕ್ಕೇ ಬೀಳುತ್ತಿತ್ತು ಮಾಷ್ಟ್ರೇ," ಎಂದು ನಕ್ಕರು.

ಹೆಸರು ತೆಗೆಸಲು ತುಂಬಬೇಕಾದದ್ದು ನಮೂನೆ 7. ಆಳಂದದಲ್ಲಿ ಕಳ್ಳರು ತುಂಬಿದ್ದೂ ಅದನ್ನೇ. ತಂಗಿಯದ್ದನ್ನು ತುಂಬಿ ಕೊಟ್ಟಾಯಿತು. ಅಮ್ಮನದ್ದರಲ್ಲಿ ಹೆಸರು, ಮನೆ ಸಂಖ್ಯೆ ಬರೆದಿದ್ದೇನೆ. ಕಾರಣ ಬರೆಯುವ ಜಾಗ ಇನ್ನೂ ಖಾಲಿಯಿದೆ. ಕಾಗದ ಮೇಜಿನ ಮೇಲೆ ಪಂಚಾಂಗದ ಅಡಿಯಲ್ಲಿದೆ.